ಕುತ್ತಿಗೆ ಸವೆದಿದೆ ಎಂದರು, ಯೋಗ ಮಾಡಬಹುದಾ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಕಟ್ಟುತ್ತೇನೆ. ಮೂರು ವರ್ಷದಿಂದ ಕುತ್ತಿಗೆ ನೋವು. ಬಲಗಡೆ ಜಾಸ್ತಿ. ಭುಜದ ಮೇಲ್ಭಾಗ ಯಾವಾಗಲೂ ಬಿಗಿದುಕೊಂಡಿರುತ್ತದೆ, ಕೆಲವು ದಿನ ತಲೆನೋವೂ ಸೇರಿಕೊಳ್ಳುತ್ತದೆ. ಈಚೆಗೆ ರಾತ್ರಿ ಹೊತ್ತು ಬಲಗೈ ಬೆರಳುಗಳು ಜುಮುಗುಡುತ್ತಿವೆ. ಎಕ್ಸ್‌ರೇ ನೋಡಿ, ಸಿ5-ಸಿ6 ಮೂಳೆಗಳ ನಡುವೆ ಸವೆತ ಇದೆ, ಸರ್ವೈಕಲ್ ಸ್ಪಾಂಡಿಲೋಸಿಸ್ ಎಂದರು. ಮಾತ್ರೆ ಮತ್ತು ಕಾಲರ್ ಕೊಟ್ಟರು. ಕಾಲರ್ ಹಾಕಿದಾಗ ಹಾಯ್ ಅನಿಸುತ್ತದೆ, ತೆಗೆದರೆ ಮತ್ತೆ ಅದೇ ಕಥೆ. ಎರಡು ತಿಂಗಳ ಹಿಂದೆ ಪಾರ್ಕಿನ ಯೋಗ ಕ್ಲಾಸಿಗೆ ಸೇರಿದೆ. ಸರ್ವಾಂಗಾಸನ, ಹಲಾಸನ ಮಾಡಿದರೆ ಕುತ್ತಿಗೆ ನೋವು ಬುಡಸಮೇತ ಹೋಗುತ್ತದೆ ಎಂದು ಅಲ್ಲಿ ಹೇಳುತ್ತಾರೆ. ಮನೆಯವರು, ಸವೆದಿರೋ ಮೂಳೆ ಇನ್ನೂ ಸವೆಯುತ್ತೆ, ವ್ಯಾಯಾಮವೇ ಬೇಡ ಅಂತಾರೆ. ದಿಂಬು ಬಿಟ್ಟು ಮಲಗು ಅಂತ ಅತ್ತೆ ಹೇಳುತ್ತಾರೆ. ಮುಂದೆ ಕೈಕಾಲು ಬಿದ್ದುಹೋಗುತ್ತಾ ಅನ್ನುವ ಭಯ ನನಗೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಎಕ್ಸ್‌ರೇಯಲ್ಲಿ ಕಂಡ ಸವೆತದಿಂದ ಮುಂದೆ ಅಪಾಯ ಇದೆಯಾ? ಅಂಥ ಕುತ್ತಿಗೆಗೆ ವ್ಯಾಯಾಮ ಕೊಡಬಹುದಾ? ಕೊಡುವುದಾದರೆ ಪಾರ್ಕಿನಲ್ಲಿ ಹೇಳಿಕೊಡುವ ಆಸನಗಳು ಸರಿಯಾ? ನಾನು ಫಿಸಿಯೋಥೆರಪಿಸ್ಟ್. ಹೊಲಿಗೆ ಮಾಡುವವರು, ಪೇಪರ್ ತಿದ್ದುವ ಮೇಷ್ಟ್ರು, ಬ್ಯಾಂಕಿನವರು, ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರುವ ಹುಡುಗರು, ಎಲ್ಲರೂ ಹೆಚ್ಚುಕಡಿಮೆ ಇದೇ ಮಾತು ಹೇಳಿಕೊಂಡು ಬರುತ್ತಾರೆ. ಕೈಯಲ್ಲಿ ಎಕ್ಸ್‌ರೇ ಕವರ್, ಕುತ್ತಿಗೆಯಲ್ಲಿ ಕಾಲರ್.

ನೇರವಾಗಿ ಹೇಳುವುದಾದರೆ, ನಿಮಗೆ ವ್ಯಾಯಾಮ ಬೇಕೇ ಬೇಕು. ಆದರೆ ಸರ್ವಾಂಗಾಸನ, ಹಲಾಸನ ಈಗ ಬೇಡ. ಜುಮುಗುಡುವ ಕೈಯನ್ನು ಮಾತ್ರ ಮೊದಲು ಒಬ್ಬ ವೈದ್ಯರು ಮುಟ್ಟಿ ನೋಡಬೇಕು.

ಸವೆತದ ಭಯದಿಂದ ಶುರು ಮಾಡೋಣ. ಜಪಾನಿನಲ್ಲಿ ಕುತ್ತಿಗೆಯ ತೊಂದರೆಯೇ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಆ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 87ಕ್ಕಿಂತ ಹೆಚ್ಚು ಜನರ ಕುತ್ತಿಗೆಯಲ್ಲಿ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಸುಮಾರು ನಾಲ್ಕರಲ್ಲಿ ಮೂವರಿಗೆ ಹಾಗಿತ್ತು. ಇವರ್ಯಾರಿಗೂ ನೋವಿರಲಿಲ್ಲ ನೋಡಿ. ಅಂದಮೇಲೆ 44ರ ವಯಸ್ಸಿನಲ್ಲಿ ಸಿ5-ಸಿ6, ಅಂದರೆ ಕುತ್ತಿಗೆಯ ಐದು ಮತ್ತು ಆರನೆಯ ಮೂಳೆಗಳ ಹತ್ತಿರ ಒಂದಿಷ್ಟು ಸವೆತ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಕುತ್ತಿಗೆಯ ಏಳು ಮೂಳೆಗಳಲ್ಲಿ ಹಿಂದೆ-ಮುಂದೆ ಬಾಗುವ ಓಡಾಟ ಜಾಸ್ತಿ ಇರುವುದೂ ಆ ಕೆಳಭಾಗದಲ್ಲೇ, ಹಾಗಾಗಿ ವಯಸ್ಸಿನ ಗುರುತು ಬೀಳುವುದೂ ಅಲ್ಲೇ. ನಿಮ್ಮ ನೋವು ಅದರಿಂದಲೇ ಬಂತು ಎಂದು ಆ ಒಂದು ಫಿಲ್ಮ್ ನೋಡಿ ಯಾರೂ ಹೇಳಲಾರರು. ವ್ಯಾಯಾಮ ಮಾಡಿದರೆ ಸವೆತ ಬೆಳೆಯುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ.

ಹಾಗಂತ ವರದಿಯನ್ನು ಎತ್ತಿ ಬಿಸಾಡಿ ಎನ್ನುತ್ತಿಲ್ಲ. ಸವೆತದ ಜಾಗದಲ್ಲಿ ನರದ ಬೇರು ಒತ್ತಿಕೊಂಡರೆ ಕೈಗೆ ನೋವು, ಜೋಮು ಇಳಿಯುತ್ತದೆ. ತೀರಾ ಅಪರೂಪಕ್ಕೆ ಬೆನ್ನುಹುರಿಯೇ ಒತ್ತಿಕೊಳ್ಳುತ್ತದೆ. ನೀವು ಹೆದರಿರುವ ‘ಕೈಕಾಲು ಬೀಳುವುದು’ ಇದಕ್ಕೆ ಸೇರಿದ್ದು. ಅದು ಶುರುವಾಗುವಾಗಲೇ ಕೆಲವು ಸೂಚನೆ ಕೊಡುತ್ತದೆ. ಬ್ಲೌಸಿನ ಹುಕ್ಕು ಹಾಕಲು ಬೆರಳು ತಡವರಿಸುತ್ತವೆ. ಸೂಜಿಗೆ ದಾರ ಪೋಣಿಸುವುದು, ನೀವು ಕಣ್ಣು ಮುಚ್ಚಿ ಮಾಡುವ ಕೆಲಸ, ಇದ್ದಕ್ಕಿದ್ದಂತೆ ಕಷ್ಟವಾಗುತ್ತದೆ. ನಡೆಯುವಾಗ ಕಾಲು ಓಲಾಡುತ್ತವೆ. ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೆ ಕರೆಂಟ್ ಹೊಡೆದಂತಾಗುತ್ತದೆ. ಮೂತ್ರ ತಡೆಯಲು ಕಷ್ಟವಾಗುತ್ತದೆ. ಇವುಗಳಲ್ಲಿ ಒಂದು ಇದ್ದರೂ ಯೋಗವೂ ಬೇಡ, ಫಿಸಿಯೋಥೆರಪಿಯೂ ಬೇಡ, ಮೊದಲು ನ್ಯೂರೋ ಅಥವಾ ಮೂಳೆ ತಜ್ಞರ ಹತ್ತಿರ ಹೋಗಿ. ನೋವಿನ ಜೊತೆ ಜ್ವರ ಬರುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಮಲಗಿದರೂ ರಾತ್ರಿಯಿಡೀ ನೋವು ಬಿಡದಿದ್ದರೆ ಆಗಲೂ ಅಷ್ಟೇ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಇದೆ, ಅದು ಕುತ್ತಿಗೆಗೂ ಬರುತ್ತದೆ. ಸಂಧಿವಾತ ಇರುವವರು, ಬಿದ್ದು ಪೆಟ್ಟು ಮಾಡಿಕೊಂಡವರು, ಹಿಂದೆ ಕ್ಯಾನ್ಸರ್ ಆಗಿದ್ದವರೂ ಮೊದಲು ತೋರಿಸಿಕೊಂಡೇ ಮುಂದುವರಿಯಬೇಕು. ನೀವು ಬರೆದಿರುವುದರಲ್ಲಿ ಇದ್ಯಾವುದೂ ಕಾಣುತ್ತಿಲ್ಲ.

ಈಗ ಜುಮುಗುಡುವ ಬೆರಳುಗಳಿಗೆ ಬರೋಣ. ಯಾವ ಬೆರಳು ಎಂದು ನೀವು ಬರೆದಿಲ್ಲ. ಇವತ್ತು ರಾತ್ರಿ ಎಚ್ಚರವಾದಾಗ ಗಮನಿಸಿ. ಸಿ5-ಸಿ6 ನಡುವಿಂದ ಹೊರಡುವ ನರ ಒತ್ತಿದರೆ ಸಾಮಾನ್ಯವಾಗಿ ಹೆಬ್ಬೆರಳು, ತೋರುಬೆರಳು ಜುಮುಗುಡುತ್ತವೆ. ಅದರ ಕೆಳಗಿನದಾದರೆ ನಡುಬೆರಳು. ತಲೆಯನ್ನು ಬಲಕ್ಕೆ ವಾಲಿಸಿ ಮೇಲೆ ನೋಡಿದಾಗ ಭುಜದಿಂದ ಕೈಗೆ ನೋವು ಇಳಿದರೆ ಕುತ್ತಿಗೆಯ ಮೇಲೆ ಅನುಮಾನ ಬರುತ್ತದೆ. ಆದರೆ ರಾತ್ರಿ ಮಾತ್ರ ಬರುತ್ತಿದ್ದು, ಎದ್ದು ಕೈ ಒದರಿದರೆ ಕಡಿಮೆಯಾಗುತ್ತದೆ ಎಂದಾದರೆ ತೊಂದರೆ ಮಣಿಕಟ್ಟಿನಲ್ಲಿರಬಹುದು. ಅದಕ್ಕೆ ಕಾರ್ಪಲ್ ಟನಲ್ ಎನ್ನುತ್ತಾರೆ. ಇಡೀ ದಿನ ಕತ್ತರಿ, ಸೂಜಿ ಹಿಡಿಯುವವರಲ್ಲಿ ಇದು ತುಂಬಾ ಸಾಮಾನ್ಯ, ಅದರಲ್ಲೂ ನಿಮ್ಮ ವಯಸ್ಸಿನ ಹೆಂಗಸರಲ್ಲಿ. ಕುತ್ತಿಗೆಗೆ ವರ್ಷಗಟ್ಟಲೆ ಶಾಖ ಕೊಡಿಸಿಕೊಂಡು, ಕೊನೆಗೆ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ ಮಲಗಿದ್ದರಿಂದ ವಾಸಿಯಾದವರನ್ನು ನೋಡಿದ್ದೇನೆ. ಸಕ್ಕರೆ, ಥೈರಾಯ್ಡ್, ಬಿ12 ಪರೀಕ್ಷೆಯನ್ನೂ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಹೊಸದೇನಲ್ಲ, ಅದೂ ಕೈಕಾಲು ಜೋಮು ಹಿಡಿಸುತ್ತದೆ. ಒಂದು ವೇಳೆ ಕುತ್ತಿಗೆಯ ನರವೇ ಒತ್ತಿದೆ ಎಂದುಕೊಳ್ಳಿ, ಆಗಲೂ ಗಾಬರಿ ಬೇಡ. ಅಂಥ ತೊಂದರೆ ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಕೈಯ ಶಕ್ತಿ ಕಡಿಮೆಯಾಗುತ್ತಿದ್ದರೆ ಮಾತ್ರ ಕಾಯಬಾರದು.

ಸವೆತ ಕಾರಣ ಅಲ್ಲ ಎಂದರೆ ನೋವು ಎಲ್ಲಿಂದ? ನಿಮ್ಮ ಕೆಲಸವನ್ನೇ ತೆಗೆದುಕೊಳ್ಳಿ. ಕುಚ್ಚು ಕಟ್ಟುವವರು ಕೂರುವ ರೀತಿ ನನಗೆ ಗೊತ್ತು. ನೆಲದ ಮೇಲೆ ಚಕ್ಕಳಮಕ್ಕಳ, ತೊಡೆಯ ಮೇಲೊಂದು ದಿಂಬು, ದಿಂಬಿಗೆ ಪಿನ್ ಹಾಕಿದ ಸೆರಗು. ಮೂಗು ಸೆರಗಿನಿಂದ ಒಂದು ಗೇಣು ದೂರ. ರೇಷ್ಮೆ ದಾರ ಜಾರುತ್ತದೆ ಎಂದು ಬಲ ಭುಜ ಸ್ವಲ್ಪ ಮೇಲೆದ್ದು, ಉಸಿರು ಬಿಗಿ ಹಿಡಿದು ಒಂದೊಂದೇ ಗಂಟು. ಮದುವೆ ಸೀಸನ್ ಬಂತೆಂದರೆ ಊಟದ ಹೊತ್ತು ಬಿಟ್ಟರೆ ಎದ್ದೇಳುವುದಿಲ್ಲ. ತಲೆಯ ತೂಕ ನಾಲ್ಕೂವರೆ, ಐದು ಕಿಲೋ. ಅದನ್ನು ಮುಂದಕ್ಕೆ ಬಾಗಿಸಿ ಹಿಡಿಯಲು ಕುತ್ತಿಗೆಯ ಹಿಂಭಾಗದ ಸ್ನಾಯುಗಳು ಗಂಟೆಗಟ್ಟಲೆ ಬಿಡುವಿಲ್ಲದೆ ಎಳೆದುಕೊಂಡೇ ಇರಬೇಕು. ಸ್ನಾಯುವಿಗೆ ಜೋರು ಕೆಲಸ ಕೊಟ್ಟರೆ ತಡೆಯುತ್ತದೆ. ಸಣ್ಣ ಕೆಲಸವನ್ನು ನಿಲ್ಲಿಸದೆ ಕೊಟ್ಟರೆ ಸೋಲುತ್ತದೆ.

ಇದು ಬಹಳ ದಿನ ನಡೆದರೆ ಇನ್ನೊಂದು ಬದಲಾವಣೆ ಆಗುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ, ಅನ್ನನಾಳದ ಹಿಂದೆ, ಮೂಳೆಗೆ ಅಂಟಿದಂತೆ ಸಣ್ಣ ಸ್ನಾಯುಗಳಿವೆ. ಒಂದೊಂದು ಮೂಳೆಯನ್ನೂ ಜಾಗದಲ್ಲಿ ಹಿಡಿದಿಡುವ ಕೆಲಸ ಅವುಗಳದ್ದು. ನೋವು ಹಳೆಯದಾದಂತೆ ಅವು ಸುಮ್ಮನಾಗುತ್ತವೆ. ಅವುಗಳ ಪಾಲಿನ ಕೆಲಸವನ್ನೂ ಹೊರಗಿನ ದೊಡ್ಡ ಸ್ನಾಯುಗಳು ಮಾಡಬೇಕಾಗುತ್ತದೆ. ನಿಮ್ಮ ಭುಜದ ಮೇಲಿನ ಆ ಬಿಗಿತ ಬಹುಪಾಲು ಇದೇ. ಬಿಗಿದಿದೆ ಎಂದು ನಾವು ಉಜ್ಜುತ್ತೇವೆ, ಎಳೆಯುತ್ತೇವೆ. ಅಸಲಿಗೆ ಆ ಸ್ನಾಯು ದಣಿದಿದೆ. ಅದಕ್ಕೆ ಬೇಕಿರುವುದು ಶಕ್ತಿ. ತಲೆಬುರುಡೆಯ ಬುಡದಲ್ಲಿರುವ ಸಣ್ಣ ಸ್ನಾಯುಗಳು ಬಿಗಿದಾಗ ಹಿಂದಿನಿಂದ ಹಣೆಗೆ ಹಬ್ಬುವ ತಲೆನೋವು ಬರುತ್ತದೆ. ನಿದ್ದೆ ಕೆಟ್ಟರೆ, ಮನೆಯ ಚಿಂತೆ ಹೆಚ್ಚಾದರೆ ನರಮಂಡಲ ಸಣ್ಣ ನೋವನ್ನೂ ದೊಡ್ಡದಾಗಿ ಹೇಳುತ್ತದೆ. ನೋವು ಸುಳ್ಳು ಅಂತಲ್ಲ. ಗಾಯ ಎಷ್ಟಿದೆಯೋ ನೋವೂ ಅಷ್ಟೇ ಇರಬೇಕು ಅನ್ನುವ ಲೆಕ್ಕ ಹಳೆಯ ನೋವಿನಲ್ಲಿ ನಡೆಯುವುದಿಲ್ಲ.

ಇಲ್ಲಿ ಒಂದು ವಾಟ್ಸ್ಆ್ಯಪ್ ಚಿತ್ರದ ಬಗ್ಗೆ ಹೇಳಿಬಿಡುತ್ತೇನೆ. ತಲೆ ಬಗ್ಗಿಸಿದರೆ ಕುತ್ತಿಗೆಯ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂದು ತೋರಿಸುವ ಚಿತ್ರ ನಿಮಗೂ ಬಂದಿರುತ್ತದೆ. ಅದು 2014ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರೊಬ್ಬರು ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ. ಯಾವ ರೋಗಿಯ ಕುತ್ತಿಗೆಯಲ್ಲೂ ಅಳೆದದ್ದಲ್ಲ. ಕುತ್ತಿಗೆ ಇರುವುದೇ ಬಾಗಲಿಕ್ಕೆ. ಬಾಗಿದ್ದು ತಪ್ಪಲ್ಲ, ಬಾಗಿದವರು ಎರಡು ಗಂಟೆ ಏಳದಿರುವುದು ತಪ್ಪು. ಇಡೀ ದಿನ ನೆಟ್ಟಗೆ ಕೂರಬೇಕು ಎಂದು ಹಟ ಹಿಡಿದವರಿಗೂ ನೋವು ಬರುತ್ತದೆ.

ಹಾಗಾಗಿ ಕೆಲಸದ ಜಾಗದಲ್ಲಿ ಎರಡು ಬದಲಾವಣೆ ಸಾಕು. ಕುಚ್ಚು ಕಟ್ಟುವಾಗ ಸೆರಗನ್ನು ತೊಡೆಯ ಮೇಲಿಂದ ಎದೆಯ ಮಟ್ಟಕ್ಕೆ ತನ್ನಿ. ಇಸ್ತ್ರಿ ಟೇಬಲ್ ಇದ್ದರೆ ಅದನ್ನೇ ಎತ್ತರಿಸಿ, ಅಂಚಿಗೆ ಕ್ಲಿಪ್ ಹಾಕಿ, ನೀವು ಕುರ್ಚಿಯಲ್ಲಿ ಕೂತು ಕಟ್ಟಬಹುದು. ಮೊಣಕೈ ಎರಡೂ ಟೇಬಲ್ ಮೇಲೆ ಊರಿರಲಿ, ಆಗ ಭುಜ ತಾನಾಗಿ ಇಳಿಯುತ್ತದೆ. ಬೆಳಕು ಎಡಗಡೆಯಿಂದ ಬೀಳಲಿ, ಕನ್ನಡಕದ ನಂಬರ್ ಒಮ್ಮೆ ನೋಡಿಸಿ. 44ಕ್ಕೆ ಹತ್ತಿರದ ದೃಷ್ಟಿ ಮಸುಕಾಗುವುದು ಸಹಜ, ಕಣ್ಣು ಕಾಣದಿದ್ದರೆ ಕುತ್ತಿಗೆ ಮುಂದೆ ಹೋಗುತ್ತದೆ. ಎರಡನೆಯದು, ಅರ್ಧ ಗಂಟೆಗೊಮ್ಮೆ ಏಳುವುದು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರೆ ನಾಲ್ಕು ದಿನಕ್ಕೆ ಬೇಜಾರಾಗಿ ಆಫ್ ಮಾಡುತ್ತೀರಿ. ಇಷ್ಟು ಕುಚ್ಚಿಗೆ ಒಮ್ಮೆ ಎಂದು ಎಣಿಸಿಕೊಂಡು ಏಳಿ, ಅದು ಕೆಲಸದ ಜೊತೆಗೇ ನಡೆಯುತ್ತದೆ.

ಇನ್ನು ಯೋಗ. ಯೋಗ ಒಳ್ಳೆಯದಾ ಕೆಟ್ಟದ್ದಾ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಆಸನ ಕುತ್ತಿಗೆಯ ಮೇಲೆ ಎಷ್ಟು ಭಾರ ಹಾಕುತ್ತದೆ, ಆ ಭಾರ ಹೊರಲು ಆ ಕುತ್ತಿಗೆ ತಯಾರಿದೆಯಾ ಎಂದು ಕೇಳಬೇಕು. ಸರ್ವಾಂಗಾಸನದಲ್ಲಿ ಗಲ್ಲ ಎದೆಗೆ ಒತ್ತುತ್ತದೆ. ಕುತ್ತಿಗೆ ಪೂರ್ತಿ ಬಾಗಿದ ಸ್ಥಿತಿಯಲ್ಲಿ ಮೈಭಾರ ಭುಜ ಮತ್ತು ಕುತ್ತಿಗೆಯ ಹಿಂಭಾಗಕ್ಕೆ ಬರುತ್ತದೆ. ಹಲಾಸನದಲ್ಲಿ ಅದು ಇನ್ನೂ ಬಿಗಿಯಾಗುತ್ತದೆ. ಇಡೀ ದಿನ ಮುಂದಕ್ಕೆ ಬಾಗಿಯೇ ದುಡಿದ ಕುತ್ತಿಗೆಯನ್ನು ಬೆಳಿಗ್ಗೆ ಆರಕ್ಕೆ ಮೈಭಾರ ಹಾಕಿ ಮತ್ತೆ ಅದೇ ದಿಕ್ಕಿಗೆ ಬಗ್ಗಿಸುವುದು ಯಾಕೆ ಹೇಳಿ? ಶೀರ್ಷಾಸನದಲ್ಲಿ ತಲೆಯ ಮೇಲೆ ಬೀಳುವ ಭಾರವನ್ನು ಅಳೆದ ಸಂಶೋಧಕರಿದ್ದಾರೆ. ಚೆನ್ನಾಗಿ ಅಭ್ಯಾಸ ಇದ್ದವರಲ್ಲೂ ಮೈತೂಕದ ಶೇ 40ರಿಂದ 48ರಷ್ಟು ಭಾರ ತಲೆಗೆ ಬಿದ್ದಿತ್ತು. 60 ಕಿಲೋ ತೂಗುವವರಿಗೆ ಅದು 24 ಕಿಲೋ ಮೇಲಾಯಿತು. ಬಿಪಿ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗಂತೂ ತಲೆಕೆಳಗಾಗುವ ಆಸನಗಳೇ ಬೇಡ.

ಇದು ಯೋಗದ ಮೇಲಿನ ದೂರಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಸರ್ವಾಂಗಾಸನಕ್ಕೆ ಭುಜದ ಕೆಳಗೆ ಮಡಿಸಿದ ಕಂಬಳಿಗಳನ್ನು ಹಾಕಿಸುತ್ತಿದ್ದರು. ಭುಜ ಮೇಲೆದ್ದು, ತಲೆ ಕೆಳಗಿನ ಮಟ್ಟದಲ್ಲಿದ್ದರೆ ಕುತ್ತಿಗೆ ಅಷ್ಟೊಂದು ಬಾಗಬೇಕಿಲ್ಲ ಎಂಬ ಲೆಕ್ಕ ಅದು. ಗೋಡೆ, ಕುರ್ಚಿ, ಪಟ್ಟಿ, ಹಗ್ಗ, ಎಲ್ಲವನ್ನೂ ಆಸನಕ್ಕೆ ಬಳಸಿದವರು ಅವರು. ಹಳೆಯ ಕುತ್ತಿಗೆ ನೋವಿನ ಮೇಲೆ ಜರ್ಮನಿಯಲ್ಲಿ ನಡೆದ ಅಧ್ಯಯನಗಳು ಬಳಸಿದ್ದೂ ಈ ಅಯ್ಯಂಗಾರ್ ಪದ್ಧತಿಯನ್ನೇ. ಒಂಬತ್ತು ವಾರ ತರಗತಿಗೆ ಹೋದವರಿಗೆ, ಪುಸ್ತಕ ನೋಡಿ ಮನೆಯಲ್ಲೇ ವ್ಯಾಯಾಮ ಮಾಡಿದವರಿಗಿಂತ ನೋವು ಇನ್ನೂ ಚೆನ್ನಾಗಿ ಇಳಿಯಿತು. ಅಧ್ಯಯನಗಳು ಚಿಕ್ಕವು, ಆದರೂ ದಿಕ್ಕು ತೋರಿಸುತ್ತವೆ. ಪಾರ್ಕಿನಲ್ಲಿ ಐವತ್ತು ಜನರಿಗೆ ಒಬ್ಬ ಗುರು ಮೈಕಿನಲ್ಲಿ ಹೇಳುವ ಕ್ಲಾಸಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಅಲ್ಲಿ ನಿಮ್ಮ ಕುತ್ತಿಗೆ ಹೇಗಿದೆ ಎಂದು ಯಾರು ನೋಡುತ್ತಾರೆ?

ಬೇಡದ ಪಟ್ಟಿಗೆ ಇನ್ನು ಕೆಲವನ್ನು ಸೇರಿಸಿ. ತಲೆಯನ್ನು ಗಿರಗಿರನೆ ಪೂರ್ತಿ ಸುತ್ತ ತಿರುಗಿಸುವುದು ಬೇಡ. ಎಡ-ಬಲ, ಕೆಳಗೆ-ಮೇಲೆ ಬೇರೆ ಬೇರೆಯಾಗಿ ನಿಧಾನಕ್ಕೆ ಮಾಡಿದರೆ ಸಾಕು. ಉಷ್ಟ್ರಾಸನದಲ್ಲಿ ತಲೆ ಹಿಂದಕ್ಕೆ ಜೋತುಬಿಡಬಾರದು. ಮತ್ಸ್ಯಾಸನದಲ್ಲಿ ನೆತ್ತಿ ಊರಬಾರದು. ಸೂರ್ಯ ನಮಸ್ಕಾರ ಮಾಡಬಹುದು, ಕೈ ಮೇಲೆತ್ತಿ ಹಿಂದೆ ಬಾಗುವಾಗ ಮುಖ ಮುಂದಕ್ಕೇ ಇರಲಿ. ತ್ರಿಕೋನಾಸನದಲ್ಲಿ ಮೇಲಿನ ಕೈ ನೋಡಲೇಬೇಕು ಅಂತೇನಿಲ್ಲ, ನೆಲ ನೋಡಿ.

ಮಾಡಬಹುದಾದದ್ದರಲ್ಲಿ ನನಗೆ ಅತಿ ಮುಖ್ಯ ಅನಿಸುವ ವ್ಯಾಯಾಮ ನೋಡಲು ತೀರಾ ಸಪ್ಪೆ. ಬೆವರು ಬರುವುದಿಲ್ಲ, ಯಾರಿಗೂ ತೋರಿಸಲೂ ಆಗುವುದಿಲ್ಲ. ಅದಕ್ಕೇ ಜನ ನಾಲ್ಕು ದಿನಕ್ಕೆ ಬಿಟ್ಟುಬಿಡುತ್ತಾರೆ. ಅಂಗಾತ ಮಲಗಿ, ಮಂಡಿ ಮಡಿಸಿ. ತಲೆಯ ಕೆಳಗೆ ಮಡಿಸಿದ ಟವೆಲ್ ಇರಲಿ, ಮುಖ ಸೂರಿಗೆ ಸಮ. ಈಗ ‘ಹ್ಞೂಂ’ ಎಂದು ಒಪ್ಪಿಗೆ ಕೊಡುವಾಗ ಮಾಡುವಷ್ಟೇ ಸಣ್ಣಗೆ ತಲೆ ಆಡಿಸಿ. ಗಲ್ಲ ಕುತ್ತಿಗೆಯ ಕಡೆ ಒಂದಿಷ್ಟು ಜಾರುತ್ತದೆ, ತಲೆ ಟವೆಲ್ ಬಿಟ್ಟು ಏಳುವುದಿಲ್ಲ, ಟವೆಲ್ಲನ್ನು ಒತ್ತುವುದೂ ಇಲ್ಲ. ಎರಡು ಬೆರಳನ್ನು ಕುತ್ತಿಗೆಯ ಮುಂಭಾಗದ ಪಕ್ಕದಲ್ಲಿ ಮೆಲ್ಲಗೆ ಇಟ್ಟುಕೊಳ್ಳಿ. ಅಲ್ಲಿ ಹಗ್ಗದಂತಿರುವ ಸ್ನಾಯು ಟಣ್ಣೆಂದು ಎದ್ದು ನಿಂತರೆ ನೀವು ಜಾಸ್ತಿ ಬಲ ಹಾಕುತ್ತಿದ್ದೀರಿ. ಅದು ಮೆತ್ತಗೇ ಇದ್ದು, ಒಳಗೆಲ್ಲೋ ಸಣ್ಣ ಕೆಲಸ ನಡೆದ ಹಾಗೆ ಅನಿಸಿದರೆ ಸರಿ. ಹಲ್ಲು ಕಚ್ಚಬೇಡಿ, ಉಸಿರಾಡುತ್ತಿರಿ. ಐದು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ. ವಾರ ಕಳೆದಂತೆ ಹತ್ತು ಸೆಕೆಂಡಿಗೆ ಏರಿಸಿ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಗ್ವೆಂಡೊಲೆನ್ ಜುಲ್ ಮತ್ತು ಅವರ ತಂಡ ಬಹಳ ವರ್ಷ ಕೆಲಸ ಮಾಡಿ ರೂಢಿಗೆ ತಂದದ್ದು ಇದು. ಕುತ್ತಿಗೆಯಿಂದ ಬರುವ ತಲೆನೋವಿಗೂ ಇದು ಉಪಯೋಗಕ್ಕೆ ಬರುತ್ತದೆ.

ಎರಡು ವಾರದ ನಂತರ ಕೈಯಿಂದ ತಡೆ ಕೊಡುವ ವ್ಯಾಯಾಮ ಸೇರಿಸಿ. ಅಂಗೈಯನ್ನು ಹಣೆಗೆ, ಆಮೇಲೆ ಕಿವಿಯ ಮೇಲ್ಭಾಗಕ್ಕೆ, ತಲೆಯ ಹಿಂಭಾಗಕ್ಕೆ ಇಟ್ಟು ಒತ್ತಿ. ತಲೆ ಅಲುಗಾಡಬಾರದು. ಪೂರ್ತಿ ಬಲದ ಕಾಲು ಭಾಗ ಹಾಕಿದರೆ ಸಾಕು, ಏಳೆಂಟು ಸೆಕೆಂಡ್. ಇದು ಹಗುರ ಅನಿಸಿದಾಗ ಎಲಾಸ್ಟಿಕ್ ಬ್ಯಾಂಡ್ ತೆಗೆದುಕೊಳ್ಳಿ. ಬ್ಯಾಂಡನ್ನು ಕಿಟಕಿ ಸರಳಿಗೆ ಸಿಕ್ಕಿಸಿ, ಮೊಣಕೈ ಹಿಂದಕ್ಕೆ ಎಳೆದು ಬೆನ್ನಿನ ರೆಕ್ಕೆಮೂಳೆಗಳನ್ನು ಹತ್ತಿರ ತನ್ನಿ. ಹತ್ತು ಹನ್ನೆರಡು ಸಲ, ವಾರಕ್ಕೆ ಮೂರು ದಿನ. ಎರಡೂ ಕೈಯಲ್ಲಿ ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಹಿಡಿದು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿ ಇಳಿಸುವುದೂ ಅಷ್ಟೇ ಒಳ್ಳೆಯದು. ಆಮೇಲೆ ಒಂದು ಲೀಟರಿಗೆ ಹೋಗಿ.

ಭಾರ ಎತ್ತುವುದು ಎಂದಾಗ ನನ್ನ ಹತ್ತಿರ ಬರುವ ಹೆಂಗಸರು ಹಿಂಜರಿಯುತ್ತಾರೆ. ಆದರೆ ಇದಕ್ಕಿರುವಷ್ಟು ಗಟ್ಟಿ ಆಧಾರ ಬೇರೆ ಯಾವುದಕ್ಕೂ ಇಲ್ಲ. ಫಿನ್ಲೆಂಡಿನಲ್ಲಿ ಹಳೆಯ ಕುತ್ತಿಗೆ ನೋವಿದ್ದ 180 ಕಚೇರಿ ಮಹಿಳೆಯರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕುತ್ತಿಗೆ, ಭುಜಕ್ಕೆ ಶಕ್ತಿ ತುಂಬುವ ವ್ಯಾಯಾಮ ಮಾಡಿದವರ ನೋವು ಚೆನ್ನಾಗಿ ಇಳಿಯಿತು. ಬರೀ ಮೈ ಎಳೆಯುವ ವ್ಯಾಯಾಮ, ನಡಿಗೆಯ ಸಲಹೆ ಪಡೆದವರಲ್ಲಿ ಅಷ್ಟು ಇಳಿಯಲಿಲ್ಲ. ಡೆನ್ಮಾರ್ಕಿನ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ ಬರೀ ಎರಡು ನಿಮಿಷ, ಎಲಾಸ್ಟಿಕ್ ಟ್ಯೂಬ್ ಹಿಡಿದು ಕೈ ಪಕ್ಕಕ್ಕೆ ಎತ್ತಿದವರಿಗೂ ಹತ್ತು ವಾರದಲ್ಲಿ ನೋವು ಕಡಿಮೆಯಾಯಿತು. ಎರಡು ನಿಮಿಷ! ಹಾಲು ಕಾಯುವಷ್ಟರಲ್ಲಿ ಮುಗಿಯುತ್ತದೆ. ಸಮಯ ಇಲ್ಲ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಆಸನಗಳಲ್ಲಿ ನಿಮಗೆ ಹೊಂದುವವು ಬೇಕಾದಷ್ಟಿವೆ. ಮಾರ್ಜಾಲಾಸನದಲ್ಲಿ ಬೆನ್ನಿನ ಮೇಲ್ಭಾಗ ಸಡಿಲವಾಗುತ್ತದೆ. ಅಲ್ಲಿ ಬಿಗಿತ ಕಡಿಮೆಯಾದರೆ ಕುತ್ತಿಗೆಯ ಕೆಲಸವೂ ಹಗುರ. ಭುಜಂಗಾಸನವನ್ನು ಕೆಳಮಟ್ಟದಲ್ಲೇ ಮಾಡಿ. ಹೊಕ್ಕುಳು ನೆಲದಲ್ಲಿರಲಿ, ನೋಟ ಎರಡು ಅಡಿ ಮುಂದಿನ ನೆಲದ ಮೇಲಿರಲಿ. ಸೂರು ನೋಡುವ ಭುಜಂಗಾಸನ ಫೋಟೋಗೆ ಚೆನ್ನ. ಅರ್ಧ ಶಲಭಾಸನಕ್ಕೆ ಗಲ್ಲದ ಬದಲು ಹಣೆ ಊರಿ. ಗೋಮುಖಾಸನ, ಗರುಡಾಸನದ ಕೈಗಳನ್ನಷ್ಟೇ ಕುರ್ಚಿಯಲ್ಲಿ ಕೂತು ಮಾಡಬಹುದು, ಅದನ್ನು ಕುಚ್ಚಿನ ನಡುವಿನ ಬಿಡುವಿಗೆ ಇಟ್ಟುಕೊಳ್ಳಿ. ವಕ್ರಾಸನದಲ್ಲಿ ಮೊದಲು ಎದೆ ತಿರುಗಲಿ, ತಲೆ ಕೊನೆಗೆ. ಕೊನೆಯಲ್ಲಿ ಭ್ರಾಮರಿ, ಶವಾಸನ ತಪ್ಪಿಸಬೇಡಿ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಕುತ್ತಿಗೆ ನೋವಿನವರಿಗೆ ಫಿಸಿಯೋಥೆರಪಿಯ ಜೊತೆ ನಾದ ಬಳಸಿ ವಿಶ್ರಾಂತಿ ಕೊಡುವ ಅಭ್ಯಾಸ ಸೇರಿಸಿ ನೋಡಿದ್ದಾರೆ, ಬರೀ ಫಿಸಿಯೋಥೆರಪಿಗಿಂತ ಫಲ ಚೆನ್ನಾಗಿತ್ತು. ಉಸಿರು ಬಿಗಿಹಿಡಿದು ಗಂಟು ಹಾಕುವ ನಿಮ್ಮಂಥವರಿಗೆ ಇದು ಇನ್ನೂ ಬೇಕು.

ಎಷ್ಟು ನೋವು ಬಂದರೆ ನಿಲ್ಲಿಸಬೇಕು? ಹತ್ತಕ್ಕೆ ಎಷ್ಟು ಎಂದು ನೀವೇ ಅಂಕ ಹಾಕಿಕೊಳ್ಳಿ. ವ್ಯಾಯಾಮದ ಹೊತ್ತಿಗೆ ಮೂರು, ನಾಲ್ಕರವರೆಗೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಬಿಡಬೇಡಿ, ಅರ್ಧ ಮಾಡಿ. ಆದರೆ ಕೈಗೆ ನೋವು, ಜುಮು ಇಳಿದರೆ ಆ ವ್ಯಾಯಾಮವನ್ನು ಅಲ್ಲೇ ನಿಲ್ಲಿಸಿ. ಮೊದಲ ಎರಡು ವಾರ ಮೈಕೈ ನೋವು ಬರಬಹುದು, ಅದು ಹೊಸ ಕೆಲಸದ ನೋವು. ನಿಜವಾದ ವ್ಯತ್ಯಾಸ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ನಡುವೆ ಒಂದೆರಡು ಸಲ ನೋವು ಕೆರಳುತ್ತದೆ, ಅದರಲ್ಲೂ ಆರ್ಡರ್ ಜಾಸ್ತಿ ಬಂದ ವಾರ. ಆಗ ತಲೆ ಆಡಿಸುವುದು ಮತ್ತು ಬಾಟಲಿ ಎತ್ತುವುದು, ಈ ಎರಡನ್ನಷ್ಟೇ ಉಳಿಸಿಕೊಳ್ಳಿ.

ಕಾಲರ್ ವಿಷಯ. ನೋವು ತೀರಾ ಕೆರಳಿದಾಗ ಎರಡು ಮೂರು ದಿನ, ಅಥವಾ ಬಸ್ಸಿನಲ್ಲಿ ದೂರ ಹೋಗುವಾಗ ಹಾಕಿಕೊಂಡರೆ ತಪ್ಪಿಲ್ಲ. ದಿನಾ ಹಾಕಿದರೆ, ಕೆಲಸ ಮಾಡಬೇಕಾದ ಸ್ನಾಯುಗಳು ಇನ್ನೂ ಸೋಮಾರಿಯಾಗುತ್ತವೆ. ತೆಗೆದ ಕೂಡಲೇ ನಿಮಗೆ ನೋವು ಮರಳುವುದು ಅದಕ್ಕೇ. ಒಂದೇ ಸಲ ಬಿಡುವುದು ಬೇಡ, ವಾರದಲ್ಲಿ ಗಂಟೆ ಗಂಟೆಯಾಗಿ ಕಡಿಮೆ ಮಾಡಿ. ದಿಂಬಿನ ಬಗ್ಗೆ ಅತ್ತೆಯವರ ಮಾತು ಎಲ್ಲರಿಗೂ ಹೊಂದುವುದಿಲ್ಲ. ಮಗ್ಗುಲಾಗಿ ಮಲಗುವವರು ದಿಂಬು ಬಿಟ್ಟರೆ ತಲೆ ರಾತ್ರಿಯಿಡೀ ಕೆಳಗೆ ಜೋತಿರುತ್ತದೆ. ಭುಜದಿಂದ ಕಿವಿಯವರೆಗಿನ ಜಾಗ ತುಂಬುವಷ್ಟು ಎತ್ತರ ಇರಲಿ. ಅಂಗಾತ ಮಲಗುವವರಿಗೆ ತೆಳ್ಳಗಿನದು ಸಾಕು. ಸಾವಿರಾರು ರೂಪಾಯಿಯ ವಿಶೇಷ ದಿಂಬು ಬೇಕಿಲ್ಲ, ಹಳೆ ಟವೆಲ್ ಸುತ್ತಿ ದಿಂಬಿನ ಕವರಿನ ಕೆಳ ಅಂಚಿಗೆ ತುರುಕಿ ನೋಡಿ. ಬಿಸಿನೀರಿನ ಚೀಲ, ಎಣ್ಣೆ ತಿಕ್ಕುವುದು ಹಾಯ್ ಕೊಡುತ್ತದೆ, ಮಾಡಿಕೊಳ್ಳಿ, ಅದರ ಬೆನ್ನಿಗೇ ವ್ಯಾಯಾಮ ಮಾಡಿದರೆ ಇನ್ನೂ ಒಳ್ಳೆಯದು. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆ, ಕಿಡ್ನಿಗೆ ಕಷ್ಟ.

ಯಾರಿಂದಲೂ ಕುತ್ತಿಗೆ ಲಟಕ್ಕನೆ ತಿರುಗಿಸಿಕೊಳ್ಳಬೇಡಿ. ಕಟಿಂಗ್ ಶಾಪಿಗೆ ಹೋಗುವ ನಿಮ್ಮ ಮನೆಯವರಿಗೂ ಹೇಳಿ. 2024ರಲ್ಲಿ ಬಳ್ಳಾರಿಯ ಯುವಕರೊಬ್ಬರಿಗೆ ಕ್ಷೌರದ ನಂತರ ಕುತ್ತಿಗೆ ತಿರುಗಿಸಿದ್ದರಿಂದ ರಕ್ತನಾಳ ಹರಿದು ಪಾರ್ಶ್ವವಾಯು ಆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಪರೂಪ ಹೌದು. ಆದರೆ ಆ ಲಟಕ್ ಸದ್ದಿನಿಂದ ಸಿಗುವುದು ಅರ್ಧ ದಿನದ ಹಗುರ, ಅದಕ್ಕೆ ಅಷ್ಟು ಬೆಲೆ ಯಾಕೆ?

ಪಾರ್ಕಿನ ಕ್ಲಾಸ್ ಬಿಡಬೇಡಿ. ನಾಲ್ಕು ಜನರ ಜೊತೆ ಬೆಳಿಗ್ಗೆ ಎದ್ದು ಮೈ ಆಡಿಸುವುದು ಸಣ್ಣ ಲಾಭವಲ್ಲ. ಗುರುಗಳಿಗೆ ಮೊದಲೇ ಹೇಳಿ, ಕುತ್ತಿಗೆಯ ತೊಂದರೆ ಇದೆ, ಸರ್ವಾಂಗಾಸನದ ಹೊತ್ತಿಗೆ ನಾನು ಮಲಗಿ ಕಾಲುಗಳನ್ನಷ್ಟೇ ಮರಕ್ಕೋ ಕಟ್ಟೆಗೋ ಆನಿಸಿ ಮೇಲಿಡುತ್ತೇನೆ, ಸೊಂಟ ಎತ್ತುವುದಿಲ್ಲ ಎಂದು. ತಿಳಿದ ಗುರುಗಳು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಲೇಬೇಕು ಎಂದು ಒತ್ತಾಯಿಸಿದರೆ ಬೇರೆ ಕ್ಲಾಸ್ ನೋಡಿ. ಈ ವಾರ ವೈದ್ಯರಿಗೆ ಕೈ ತೋರಿಸಿ, ಯಾವ ಬೆರಳು, ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆರು ವಾರ ವ್ಯಾಯಾಮ ಮಾಡಿ, ಮಣಿಕಟ್ಟಿಗೆ ಪಟ್ಟಿ ಕಟ್ಟಿಯೂ ಜುಮು ಹಾಗೇ ಇದ್ದರೆ ನರದ ಪರೀಕ್ಷೆ ಬೇಕಾಗುತ್ತದೆ. ಎಂಆರ್‌ಐ ಬೇಕಾ ಎಂದು ಅದಾದಮೇಲೆ ಅವರನ್ನು ಕೇಳಿ.